ಸುಧಾಮಣಿಯ ಕಿವಿ

ಹಳೇ ಆಂಪ್ಲಿಫೈಯರಿನ ವಾಲ್ವುಗಳು ಕೆಂಪಗೆ ಕಾಯುತ್ತಿವೆ, ಧೂಳು ಸುಟ್ಟ ವಾಸನೆ, ಎಡಗೈ ಬೆನ್ನ ಹಿಂದೆ ಇಟ್ಕೋ ಸುಧಾ, ಒಳಗೆ ಕರೆಂಟಿದೆ, ಎರಡೂ ಕೈ ತಾಗಿದ್ರೆ ಹೋದೆ, ಇವರು, ನನ್ನ ಗಂಡ ಸೋಮನಾಥ್, ಮಂಚದ ತುದಿಗೆ ಕೂತು ಹೇಳುತ್ತಿದ್ದಾರೆ, ಮಾತ್ರೆಗಳಿಂದ ಇವರ ಕೈ ನಡುಗುತ್ತದೆ, ಅದಕ್ಕೇ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿ — ಬಯಾಸ್ ಸ್ವಲ್ಪ ಏರಿಸು, ವಾಲ್ವಿಗೆ ಇನ್ನಷ್ಟು ಕರೆಂಟ್ ಹೋಗ್ಲಿ, ಆಗ ಮೌತ್ ಆರ್ಗನ್ ತುಂಬಿ ಕೇಳುತ್ತೆ, ಏರಿಸಿದೆ, ಮೀಟರಿನ ಅಂಕಿ ಏರಿತು, ಮೈಕನ್ನೂ ಮೌತ್ ಆರ್ಗನ್ನನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಊದಿದರು, ಒಂದೆರಡು ಸ್ವರ, ಆಮೇಲೆ ಬರೀ ಗಾಳಿ, ಸೆಟ್ ಸರಿಯಿಲ್ಲ ಅಂದರು, ಇಳಿಸು, ಇಳಿಸಿದೆ, ದನಿ ಒಣಗಿತು, ಏರಿಸು — ಸೆಟ್ ಸರಿಯಾಗಿಯೇ ಇದೆ, ಶ್ವಾಸಕೋಶ ಗಟ್ಟಿಯಾಗ್ತಿದೆ, ಇನ್ನು ಊದೋದು ಬೇಡ ಸಾರ್ ಎಂದು ಜಯನಗರದ ಡಾಕ್ಟರು ಹೇಳಿದಾಗ ನಾನೂ ಪಕ್ಕದಲ್ಲೇ ಇದ್ದೆ, ಇವರು ತಲೆಯಾಡಿಸಿ ಮನೆಗೆ ಬಂದು ಆಂಪ್ಲಿಫೈಯರ್ ಬಿಚ್ಚಿ ಕೂತರು, ಅಮ್ಮಾ, ಅಪ್ಪಂಗೆ ಬೇಡ ಅಂತ ನೀನಾದ್ರೂ ಹೇಳು, ಬೆಳಿಗ್ಗೆ ಮೈತ್ರಿಯ ಫೋನು, ಪಾಪ, ಅಮ್ಮ ತನಗೆ ಯಾಕೆ ಎಂದೂ ಜೋಗುಳ ಹಾಡಲಿಲ್ಲ ಎಂಬುದು ಮಗಳಿಗೆ ಗೊತ್ತಿಲ್ಲ, ಮದುವೆಯಾದ ಹೊಸತು, ಹೊಸಕೆರೆಹಳ್ಳಿಯ ಇದೇ ಮನೆ, ಇವರ ಗೆಳೆಯರು ತುಂಬಿದ್ದರು, ಅತ್ತಿಗೆ ನೀವೊಂದು ಹಾಡಿ ಅಂದದ್ದು ನಂದಕುಮಾರ್, ಕಣ್ಣು ಮುಚ್ಚಿ ಹಾಡಿದೆ, ಕಣ್ಣು ಬಿಟ್ಟಾಗ ಇವರು ಎರಡೂ ಕಿವಿಗೆ ಬೆರಳಿಟ್ಟು ನಗುತ್ತಿದ್ದಾರೆ, ಇವಳಿಗೆ ದೇವ್ರು ಕಿವಿ ಕೊಡೋದು ಮರೆತಿದಾನೆ ಕಣ್ರೋ, ಕೈ ಕೊಟ್ಟಿದಾನೆ, ಅಡುಗೆಗೆ ಸಾಕು, ಎಲ್ಲರೂ ನಕ್ಕರು, ನಾನೂ ನಕ್ಕೆ, ಪಾಯಸ ಬಡಿಸಿದೆ, ಬಚ್ಚಲಲ್ಲೂ ಮತ್ತೆ ಗುನುಗಲಿಲ್ಲ — ಈಗ ಕೇಳುತ್ತಿದ್ದಾರೆ, ನನ್ನ ಕಿವಿ ಮಂದ ಆಗಿದೆ ಸುಧಾ, ನೀನೇ ಹೇಳು, ಸಂಜೆ ನಂದಕುಮಾರನ ಕಾರ್ಯಕ್ರಮ, ಹೋಗ್ಲಾ ಬೇಡ್ವಾ. ಬೇಡ ಎಂಬುದು ನಾಲಿಗೆಯವರೆಗೆ ಬಂದಿತ್ತು, ಬಂದದ್ದು ನಿಜ. ಸ್ಕ್ರೂವನ್ನು ಚೂರು ತಿರುಗಿಸಿ ಇದ್ದಲ್ಲಿಗೇ ತಂದೆ, ಈಗ ನೋಡಿ ಅಂದೆ, ಊದಿದರು, ಅದೇ ಗಾಳಿ, ತುಂಬಾ ಚೆನ್ನಾಗಿದೆ ರೀ, ಮೊದಲಿನ ಹಾಗೇ ಇದೆ. ಮುಖ ಅರಳಿತು, ಇಸ್ತ್ರಿ ಮಾಡಿದ ಜುಬ್ಬ ಕೇಳಿದರು, ಕೊಟ್ಟೆ.

ಆಟೋದಲ್ಲಿ ಸೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು, ಜೆ.ಪಿ. ನಗರದ ಈ ಸಣ್ಣ ಹಾಲಿನಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೇನೆ, ನಂದಕುಮಾರ್ ಹೊಗಳಿ ಕರೆದರು, ಚಪ್ಪಾಳೆ, ಹಾಡಿನ ಮೊದಲ ಸಾಲು ಹೇಗೋ ದಾಟಿತು, ಎರಡನೆಯದರಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಸೀಟಿಯಂಥ ಸದ್ದು, ಹಿಂದೆ ಯಾರೋ ಕಿಸಕ್ಕೆಂದರು, ನಿಲ್ಲಿಸಿದರು, ಮತ್ತೆ ಊದಿದರು, ಮೈಕು ಆ ಏದುಸಿರನ್ನೆಲ್ಲ ಎತ್ತಿ ಹಾಲಿಗೆ ಹಂಚುತ್ತಿದೆ, ಎಷ್ಟು ಸ್ಪಷ್ಟ, ಬಯಾಸ್ ಚೆನ್ನಾಗಿಯೇ ಕೂತಿದೆ, ನಂದಕುಮಾರ್ ನನ್ನ ಕಡೆ ನೋಡುತ್ತಿದ್ದಾರೆ, ಅತ್ತಿಗೆ, ಸಾಕು ಅಂತ ಹೇಳಿ, ನಾನು ನಗುತ್ತೇನೆ, ಎದೆಯೊಳಗೆ ಏನೋ ತಣ್ಣಗಾಗುತ್ತಿದೆ, ತಣ್ಣಗೇ ಇರಲಿ — ಇವರು ಆಂಪ್ಲಿಫೈಯರ್ ಕಡೆ ತಿರುಗಿದರು, ಆಮೇಲೆ ಕತ್ತಲಲ್ಲಿ ನನ್ನನ್ನು ಹುಡುಕಿದರು, ಸಿಕ್ಕೆ, ಬೈಗುಳವಿಲ್ಲ, ಸಿಟ್ಟಿಲ್ಲ, ಎಷ್ಟು ನಂಬಿಕೆ ಆ ಕಣ್ಣಲ್ಲಿ, ಕೈ ಎತ್ತಿದರು, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ತಿರುಗಿಸುತ್ತಿದ್ದಾರೆ, ಬಾ, ಸ್ವಲ್ಪ ಏರಿಸು, ನಾನು ಏಳುವುದಿಲ್ಲ, ನಡುಗುವ ಎರಡು ಬೆರಳು, ತಿರುಗಿಸುತ್ತಿವೆ, ಜನ ಏಳುತ್ತಿದ್ದಾರೆ, ಕುರ್ಚಿಗಳ ಸದ್ದು, ಇನ್ನೂ ತಿರುಗಿಸುತ್ತಿವೆ, ಎರಡು ಬೆರಳು, ಗಾಳಿಯಲ್ಲಿ