ಗೋಣಿಚೀಲದಲ್ಲಿ ಜಾಲಿ ಬೊಡ್ಡೆ

ಗೋಣಿಚೀಲದಲ್ಲಿ ಸುತ್ತಿದ್ದ ಬೊಡ್ಡೆಯನ್ನು ಕಾಲಡಿ ಇಟ್ಟುಕೊಂಡು ಕುಷ್ಟಗಿಯಲ್ಲಿ ಕೊಪ್ಪಳದ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನು ಬೂಟಿನ ತುದಿಯಿಂದ ತಟ್ಟಿ ನೋಡಿದ.

"ಏನೈತಿ ಇದರಾಗ?"

"ಜಾಲಿ ಬೊಡ್ಡಿ ರೀ."

"ಕೊಪ್ಪಳದಾಗ ಕಟ್ಟಿಗಿ ಸಿಗಂಗಿಲ್ಲೇನು? ನೋಡವಾ, ಫ್ರೀ ಇರೋದು ಹೆಣ್ಮಕ್ಕಳಿಗೆ. ಬೊಡ್ಡಿಗಲ್ಲ."

ಅಕ್ಕಪಕ್ಕದವರು ನಕ್ಕರು. ನಾನು ಚೀಲವನ್ನು ಇನ್ನಷ್ಟು ಒಳಗೆ ತಳ್ಳಿ ಕುಳಿತೆ.

ಕುಷ್ಟಗಿಯಲ್ಲಿ ನಮ್ಮದು ಕಟ್ಟಿಗೆ ಅಡ್ಡೆ. ಹನುಮಸಾಗರದ ಕಡೆಯ ಹೊಲಗಳ ಬದುವಿನಲ್ಲಿ ಬೆಳೆದ ಜಾಲಿಯನ್ನು ಕಡಿಸಿ, ಹಳೆಯ ಲಗೇಜ್ ಆಟೋದಲ್ಲಿ ತಂದು, ಬೊಡ್ಡೆಗಳನ್ನು ಹಾಗೆಯೇ ಒಣಗಲು ಹಾಕುತ್ತೇವೆ. ಗಿರಾಕಿ ಬಂದ ಮೇಲೆ ಅವರ ಕಣ್ಣೆದುರಿಗೇ ಸೀಳಿ ತೂಗಿ ಕೊಡುವುದು ನಮ್ಮ ಮಾವನ ಕಾಲದಿಂದ ಬಂದ ರೂಢಿ. ಮೊದಲೇ ಸೀಳಿಟ್ಟ ಕಟ್ಟಿಗೆಗೆ ನೀರು ಹೊಡೆದು ತೂಕ ಹೆಚ್ಚಿಸುತ್ತಾರೆಂದು ಖಾನಾವಳಿಯವರಿಗೆಲ್ಲ ಅನುಮಾನ. ಸೀಳುತ್ತಿದ್ದವರು ನನ್ನ ಯಜಮಾನರು, ಕಲ್ಲೇಶ. ಮಳೆಗಾಲದಲ್ಲಿ ಆಟೋ ಪಲ್ಟಿಯಾಗಿ ಅವರ ಬಲಭುಜ ಹೋಯಿತು. ಈಗ ಆ ಕೈ ತಲೆ ಬಾಚಿಕೊಳ್ಳುವಷ್ಟೂ ಮೇಲೇಳುವುದಿಲ್ಲ. ಕೂಲಿಯವರು ಒಣ ಜಾಲಿಯ ಹೆಸರು ಕೇಳಿಯೇ ಗಂಗಾವತಿಯ ಭತ್ತದ ಗದ್ದೆಗೆ ಹೋಗುತ್ತಾರೆ.

ಹಾಗಾಗಿ ಕೊಡಲಿ ನನ್ನ ಮಗಳು ಅಮೃತಾಳ ಕೈಗೆ ಹೋಯಿತು. ಕೊಪ್ಪಳದಲ್ಲಿ ನರ್ಸಿಂಗ್ ಓದುವ ಹುಡುಗಿ. ರಜೆಗೆಂದು ಬಂದವಳು ಒಂದು ಗಾಡಿ ಸೀಳಿ ಹೋಗುತ್ತೇನೆ ಅಂದಳು. ಆಮೇಲೆ ಪ್ರತಿ ವಾರ ಬಂದಳು, ಆಮೇಲೆ ಹೋಗುವುದನ್ನೇ ಬಿಟ್ಟಳು. ಕೊಡಲಿ ಬೀಸಿ ಬೀಸಿ, ವಾರ್ಡಿನಲ್ಲಿ ಸೂಜಿ ಹಿಡಿದಾಗ ಅವಳ ಕೈ ನಡುಗಿತಂತೆ. ಕೈ ನೆಟ್ಟಗಾದ ಮೇಲೆ ಬಾ ಎಂದು ಟೀಚರ್ ಹೊರಗೆ ಕಳಿಸಿದರಂತೆ. ಬರುವ ಸೋಮವಾರ ವಾರ್ಡಿಗೆ ಹಾಜರಾಗದಿದ್ದರೆ ಹೆಸರು ತೆಗೆಯುತ್ತಾರೆ. ಅಷ್ಟರೊಳಗೆ ಒಂದು ಯಂತ್ರ ಗೊತ್ತು ಮಾಡಿ ಅವಳ ಕೈಯಿಂದ ಕೊಡಲಿ ಬಿಡಿಸಬೇಕಿತ್ತು.

ಕೊಪ್ಪಳದಲ್ಲಿ ಮೌಲಾಹುಸೇನ ಎಂಬುವರು ತಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಕಟ್ಟಿಗೆ ಸೀಳುವ ಯಂತ್ರ ಮಾಡುತ್ತಾರೆ. ಕರೆಂಟಿನ ಮೋಟಾರು, ಅದಕ್ಕೊಂದು ಬೆಲ್ಟು, ಮುಂದೆ ಗಜ್ಜರಿಯ ಹಾಗೆ ಚೂಪಾದ ಉಕ್ಕಿನ ಸ್ಕ್ರೂ. ನಮ್ಮ ಕೈಗೆ ಎಟುಕುವ ಯಂತ್ರ ಅದೊಂದೇ. ನನಗೆ ತೋರಿಸಲು ನೀಲಗಿರಿಯ ತುಂಡನ್ನು ಅದಕ್ಕೆ ಒತ್ತಿದರು, ಸೌತೆಕಾಯಿ ಹಾಗೆ ಎರಡಾಯಿತು.

"ಇಷ್ಟ ನೋಡ್ರಿ ಅಕ್ಕಾರ. ಸಣ್ಣ ಹುಡುಗೂರೂ ಮಾಡ್ತಾರ."

"ನಮ್ದು ನೀಲಗಿರಿ ಅಲ್ರಿ ಅಣ್ಣಾರ" ಎಂದು ಗೋಣಿಚೀಲ ಬಿಚ್ಚಿದೆ.

ಬೊಡ್ಡೆ ನೋಡಿ ಅವರ ಮುಖ ಸಪ್ಪಗಾಯಿತು. ಆದರೂ ಒತ್ತಿದರು. ಸ್ಕ್ರೂ ಎರಡು ಬೆರಳು ಒಳಹೊಕ್ಕು ಗಂಟಿಗೆ ಸಿಕ್ಕಿಕೊಂಡಿತು. ಮರುಕ್ಷಣ ಇಡೀ ಬೊಡ್ಡೆಯೇ ಗಿರ್ರನೆ ತಿರುಗಿ ಮೇಜಿಗೆ ಬಡಿಯಿತು, ಬೆಲ್ಟು ಸುಟ್ಟ ವಾಸನೆ ಬಂತು. ಮೌಲಾಹುಸೇನರು ಹಿಂದಕ್ಕೆ ಜಿಗಿದು ಸ್ವಿಚ್ಚು ಆರಿಸಿದರು.

"ಇದು ಕಟ್ಟಿಗಿ ಅಲ್ರಿ, ಹಳೇ ರೈಲಿನ ಕಂಬಿ" ಎಂದು ಮುಂಗೈ ಸವರಿಕೊಂಡರು. "ಇದಕ್ಕ ಹೈಡ್ರಾಲಿಕ್ ಬೇಕು. ಗಂಗಾವತಿಯಾಗ ಬಂದಾದ ಸಾಮಿಲ್‌ನಾಗ ಒಂದು ಮಾರಾಕ ಐತಿ. ಹೋಗಿ ನೋಡ್ರಿ. ನಾ ಸುಳ್ಳ ಹೇಳಿ ನಿಮಗ ಇದನ್ನ ಕಟ್ಟಂಗಿಲ್ಲ."

ಗಂಗಾವತಿಗೂ ಹೋದೆ. ಆ ಯಂತ್ರ ನನ್ನ ಬೊಡ್ಡೆಯನ್ನು ಸದ್ದಿಲ್ಲದೆ ಸೀಳಿತು. ನೋಡುತ್ತಾ ನಿಂತಾಗ ಅಳುವೇ ಬಂತು. ಬೆಲೆ ಕೇಳಿದ ಮೇಲೆ ಅದೂ ನಿಂತಿತು. ಅದನ್ನು ಕೊಳ್ಳಬೇಕಾದರೆ ಲಗೇಜ್ ಆಟೋ ಮಾರಬೇಕು. ಆಟೋ ಮಾರಿದರೆ ಕಟ್ಟಿಗೆಯನ್ನು ತಲೆ ಮೇಲೆ ತರಬೇಕು. ಬಸ್ಸಿನಲ್ಲಿ ವಾಪಸ್ ಬರುವಾಗ ಸೀಳಿದ ಎರಡು ಹೋಳು ಮಡಿಲಲ್ಲಿದ್ದವು. ಎಸೆಯಲು ಮನಸ್ಸಾಗಲಿಲ್ಲ, ಕಟ್ಟಿಗೆಯಲ್ಲವೇ.

ಸಂಜೆ ಅಡ್ಡೆಗೆ ಬಂದಾಗ ಹನುಮಸಾಗರದ ಹಸಿ ಜಾಲಿ ಗಾಡಿ ತುಂಬ ಬಂದು ನಿಂತಿತ್ತು. ಅಮೃತಾ ಒಂದು ದೊಡ್ಡ ಬೊಡ್ಡೆಯನ್ನು ಎರಡು ಮಾಡಿ, ಒಂದು ಹೋಳನ್ನು ಅಪ್ಪನ ಕಡೆ ಉರುಳಿಸುತ್ತಿದ್ದಳು.

"ಹಸೀದನ್ನ ಯಾಕ ಸೀಳಿದಿ?" ಎಂದೆ.

"ಎತ್ತಾಕಾಗ್ಲಿಲ್ಲ ಯವ್ವಾ. ಎರಡು ಮಾಡಿದ್ರ ಅಪ್ಪ ಎಡಗೈಲೆ ಎಳೀತಾನ."

"ಎಷ್ಟು ಏಟು ಬಿತ್ತು?"

"ಒಂದು. ಹಸಿ ಬೊಡ್ಡಿಗೆ ಎಷ್ಟು ಬೇಕು?"

ನಾನು ಅಲ್ಲಿಯೇ ಕುಳಿತೆ. ಗೊತ್ತಿಲ್ಲದ ಸಂಗತಿಯೇನಲ್ಲ. ಹಸಿ ಜಾಲಿ ಬಿರಿಯುತ್ತದೆ, ಒಣಗಿದ ಜಾಲಿ ಕಬ್ಬಿಣವಾಗುತ್ತದೆ. ಅಡ್ಡೆಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಆದರೆ ಸೀಳುವುದೆಂದರೆ ಗಿರಾಕಿ ಬಂದ ಮೇಲೆ ಎಂಬುದು ನಮ್ಮ ಮೈಗೆ ಹತ್ತಿಹೋಗಿತ್ತು. ಯಂತ್ರ ಹುಡುಕಲು ಹೊರಟಾಗಲೂ ಆ ರೂಢಿಯನ್ನೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದೆ.

"ಬಂದ ದಿನಾನ ಸೀಳಿ ಒಣಗಿಸಿದ್ರ ಆ ಕೊಪ್ಪಳದ ಯಂತ್ರ ಸಾಕು" ಎಂದೆ.

ಕಲ್ಲೇಶ ತಲೆ ಅಲ್ಲಾಡಿಸಿದರು. "ವಿರೂಪಾಕ್ಷಮ್ಮ ಸೀಳಿಟ್ಟಿದ್ದು ಮುಟ್ಟಂಗಿಲ್ಲ. ಆಕಿ ಬಿಟ್ಲು ಅಂದ್ರ ಉಳದವರೂ ಬಿಡ್ತಾರ. ಆಮ್ಯಾಲ ಯಂತ್ರಕ್ಕ ಊದಬತ್ತಿ ಹಚ್ಚಿ ಕುಂದ್ರಬೇಕು."

ವಿರೂಪಾಕ್ಷಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ಒಡತಿ, ನಮ್ಮ ಅಡ್ಡೆಯ ದೊಡ್ಡ ಗಿರಾಕಿ. ಮರುದಿನ ಬೆಳಗ್ಗೆಯೇ ಹೋದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡರು.

"ಅದಕ್ಕ ನೀರು ಹೊಡದಿಲ್ಲ ಅಂತ ಯಾರು ಹೇಳಬೇಕು? ನಿಮ್ಮ ಮಾವ ಎದ್ದು ಬಂದು ಹೇಳ್ತಾನೇನು?"

ಗಂಗಾವತಿಯ ಹೋಳುಗಳನ್ನು ಸೆರಗಿನಿಂದ ತೆಗೆದು ಒಂದಕ್ಕೊಂದು ಬಡಿದೆ. ಠಣ್ ಅಂದಿತು. "ಒಣಗಿದ್ರ ಹಿಂಗ ಅಂತೈತ್ರಿ. ನೀರು ಕುಡದಿದ್ರ ದಪ್ಪ್ ಅಂತೈತಿ. ಪ್ರತಿ ಗಾಡಿಗೂ ನೀವ ಆರಿಸಿ ಬಡದು ನೋಡ್ರಿ. ಒಂದು ಜೋಡಿ ದಪ್ಪ್ ಅಂದ್ರೂ ಗಾಡಿ ವಾಪಸ್ ಕಳಸ್ರಿ."

ಅವರು ಹಿಟ್ಟಿನ ಕೈಯಲ್ಲೇ ಹೋಳು ತೆಗೆದುಕೊಂಡು ತಾವೂ ಬಡಿದು ನೋಡಿದರು.

"ಈಗ ಸೀಳಿದ್ದು ಯಾವಾಗ ಒಣಗ್ತೈತಿ?"

"ಯುಗಾದಿ ದಾಟ್ತೈತ್ರಿ."

"ಅಲ್ಲೀತನ ರೊಟ್ಟಿ ಬಿಸಲಾಗ ಸುಡ್ಲೇನು?"

"ಅಲ್ಲೀತನ ಹಳೇ ಬೊಡ್ಡಿನ ನಿಮ್ಮ ಎದುರಿಗೇ ಸೀಳಿ ಕೊಡ್ತೀವ್ರಿ."

"ಯಾರು? ಮತ್ತ ಆ ಹುಡುಗಿನಾ?" ಎಂದು ನನ್ನನ್ನೇ ನೋಡಿದರು.

ದಾರಿಯುದ್ದಕ್ಕೂ ಎಲ್ಲವನ್ನೂ ಯೋಚಿಸಿದ್ದೆ, ಇದೊಂದನ್ನು ಬಿಟ್ಟು. ಯಂತ್ರ ಹೊಸ ಜಾಲಿಗೆ ಮಾತ್ರ. ಅಂಗಳದ ತುಂಬ ಬಿದ್ದ ಒಣ ರಾಶಿಗೆ ಕೊಡಲಿಯೇ ಗತಿ.

"ನಾನು" ಎಂದೆ.

ವಿರೂಪಾಕ್ಷಮ್ಮ ನಗಲಿಲ್ಲ. "ಊಟ ಮಾಡಿ ಹೋಗು" ಎಂದರು.

ಊಟ ಮಾಡಿ, ಹಸಿ ಬೊಡ್ಡೆಯೊಂದನ್ನು ಚೀಲಕ್ಕೆ ತುಂಬಿ ಮತ್ತೆ ಕೊಪ್ಪಳಕ್ಕೆ ಹೋದೆ. ಅದೇ ಕಂಡಕ್ಟರ್ ಸಿಕ್ಕಿದ. "ಇವತ್ತ ಅದರ ತಮ್ಮನ್ನ ಕರಕೊಂಡ ಹೊಂಟೀಯೇನವಾ" ಎಂದು ಕಿಟಕಿಯ ಕಡೆ ಜಾಗ ಮಾಡಿಕೊಟ್ಟ. ಮೌಲಾಹುಸೇನರ ಸ್ಕ್ರೂ ಹಸಿ ಜಾಲಿಯನ್ನು ಗಂಟಿನ ಸಮೇತ ಸೀಳಿತು. ಬುಧವಾರ ಯಂತ್ರ ತಂದು ಕೂಡಿಸಿ ಕೊಡುತ್ತೇನೆಂದರು.

ಸೋಮವಾರ ನಸುಕಿನಲ್ಲಿ ಅಮೃತಾ ಬ್ಯಾಗು ಹಿಡಿದು ಅಂಗಳದಲ್ಲಿ ನಿಂತಳು.

"ಬುಧವಾರ ಹೋಗ್ತೀನಿ ಯವ್ವಾ. ಎರಡು ದಿನ ಯಾರು ಸೀಳ್ತಾರ?"

ಎರಡು ದಿನವಲ್ಲ, ಯುಗಾದಿಯವರೆಗೆ ಎಂದು ನಾನು ಹೇಳಲಿಲ್ಲ. "ಅದು ನನಗ ಬಿಡು. ಬಸ್ ತಪ್ತೈತಿ, ನಡಿ" ಎಂದೆ. ಅವಳು ಕೊಡಲಿ ಇಡುವ ಮೂಲೆಯನ್ನು ನೋಡಿದಳು. ಅದನ್ನು ರಾತ್ರಿಯೇ ಹಾಸಿಗೆಯ ಕೆಳಗೆ ಇಟ್ಟಿದ್ದೆ.

ಬಸ್ಸು ಹೋದ ಮೇಲೆ ವಿರೂಪಾಕ್ಷಮ್ಮ ಬಂದು ತಕ್ಕಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತರು. ಮೊದಲ ಏಟು ಬೊಡ್ಡೆಯಿಂದ ಪುಟಿದು ನನ್ನ ಮೊಳಕಾಲಿಗೇ ಬರುವುದರಲ್ಲಿತ್ತು.

"ಗಂಟಿಗೆ ಹೊಡೀಬ್ಯಾಡ. ಬಿರುಕು ನೋಡು, ಅಲ್ಲಿ" ಎಂದು ಕಲ್ಲೇಶ ಎಡಗೈಯಿಂದ ಬೆಣೆ ಹಿಡಿದು ಕುಳಿತರು.

"ನೀವು ಕೈ ತಗೀರಿ. ಇರೋದ ಒಂದು."

"ನೀ ನೋಡಿ ಹೊಡಿ ಮತ್ತ."

ಹೊಡೆದೆ. ಮತ್ತೆ ಹೊಡೆದೆ. ಬಿಸಿಲು ಬೇಲಿ ದಾಟಿ ಅಂಗಳಕ್ಕೆ ಬರುವ ಹೊತ್ತಿಗೆ ಒಂದು ಬೊಡ್ಡೆ ಬಿರಿಯಿತು. ಕೊಡಲಿ ಕೆಳಗಿಟ್ಟು ನೀರು ಕುಡಿಯಲು ಹೋದರೆ ಚೊಂಬು ಹಲ್ಲಿಗೆ ಬಡಿಯಿತು, ಕೈ ಅಷ್ಟು ನಡುಗುತ್ತಿತ್ತು. ನಡುಗಲಿ. ಈ ಕೈಯಿಂದ ಯಾರಿಗೂ ಸೂಜಿ ಚುಚ್ಚಬೇಕಿಲ್ಲ. ಇನ್ನೊಂದು ಬೊಡ್ಡೆ ಉರುಳಿಸಿಕೊಂಡೆ.