ಬೋಗುಣಿಯ ಮೇಲಿನ ಕುರಿ

ಕೈರೋದ ಕಂಚುಗಾರರ ಬೀದಿಯಲ್ಲಿರುವ ನನ್ನ ಅಂಗಡಿಗೆ ಸುಂಕುರ್ ಬಂದದ್ದು, ಅವನು ಸುಲ್ತಾನನ ಪಡೆಯಲ್ಲಿ ಅಮೀರನಾದ, ಅಂದರೆ ದಳಪತಿಯಾದ, ಮರುವಾರ. ಹೊಸ ಅಮೀರನು ತನ್ನ ಲಾಂಛನ ಕೆತ್ತಿಸಿದ ಹಿತ್ತಾಳೆಯ ಬೋಗುಣಿಯಲ್ಲಿ ಜೊತೆಗಾರರ ಕೈ ತೊಳೆಸಿ ಊಟಕ್ಕೆ ಕೂರಿಸಬೇಕು. ಅವರು ಕೈ ಹಿಂದೆಗೆದರೆ ಆ ಲಾಂಛನಕ್ಕೆ ಬೆಲೆಯಿಲ್ಲ; ಅದರ ಒಡೆಯನಿಗೂ ಇಲ್ಲ.

ಸುಂಕುರ್ ಎಂದರೆ ಗಿಡುಗ. ನಾನು ಅವನನ್ನು ಕೇಳದೆಯೇ ಗಿಡುಗದ ಚಿತ್ರ ಬರೆದಿಟ್ಟಿದ್ದೆ.

"ಇದು ನಾನಲ್ಲ ಉಸ್ತಾದ್," ಎಂದ. "ಗುಲಾಮರ ವ್ಯಾಪಾರಿ ಇಟ್ಟ ಹೆಸರು. ಗಿಡುಗ ಅಂದ್ರೆ ಗಿರಾಕಿ ಜಾಸ್ತಿ ಬರ್ತಾರೆ ಅಂತ. ಅಮ್ಮ ಏನಂತ ಕರೀತಿದ್ಲೋ, ಮರ್ತೇ ಹೋಗಿದೆ."

ಇದ್ದಿಲಿನಿಂದ ಟಗರಿನ ಕೊಂಬಿನಂತೆ ಎರಡು ಗೆರೆ ಎಳೆದ. ಉತ್ತರದ ಹುಲ್ಲುಗಾವಲಿನಲ್ಲಿ ಅವನ ತಂದೆ ಕುರಿಗಳಿಗೆ ಹಾಕುತ್ತಿದ್ದ ಬರೆ ಅದು. "ಮನೆಯದು ಅಂತ ನೆನಪಿರೋದು ಇದೊಂದೇ."

ಜೊತೆಗೆ ಬಂದಿದ್ದ ಅಮೀರ್ ಬಲಬಾನ್ ನಕ್ಕ. ಇಬ್ಬರೂ ಒಬ್ಬನೇ ಯಜಮಾನ ಗುಲಾಮರಾಗಿ ಕೊಂಡುತಂದು ಸೈನಿಕರನ್ನಾಗಿ ಬೆಳೆಸಿದವರು. ಬಲಬಾನನ ಲಾಂಛನ ಸಿಂಹ.

"ಕುರೀನಾ? ಅಮೀರನಾಗಿದೀಯೋ, ಕಸಾಯಿ ಅಂಗಡಿ ಇಟ್ಟಿದೀಯೋ? ನಾನಂತೂ ಅದ್ರಲ್ಲಿ ಕೈ ತೊಳೆಯಲ್ಲ ಕಣೋ."

"ಬಿಡು. ಕೊಳೆ ಕೈಯಲ್ಲೇ ತಿನ್ನು."

ಊಟದ ಹಿಂದಿನ ದಿನ ಬಲಬಾನ್ ಒಬ್ಬನೇ ಬಂದ. "ಆ ಕೊಂಬಿಗೆ ರೆಕ್ಕೆ ಹಚ್ಚಿ ಗಿಡುಗ ಮಾಡ್ಬಿಡಿ ಉಸ್ತಾದ್. ಕುರಿ ಅಂತ ಎಲ್ಲಾ ಸೇರಿ ನಗ್ತಾರೆ. ಅವನಿಗೆ ಅದು ಅರ್ಥ ಆಗ್ತಿಲ್ಲ."

"ಅವರನ್ನ ಕೇಳ್ದೆ ಒಂದ್ಸಲ ಬರೆದು ಆಯ್ತು," ಎಂದೆ. "ನಿಮ್ಮ ತಂದೆ ಯಾವ ಗುರುತು ಹಾಕ್ತಿದ್ರು?"

ಅವನು ಬೋಗುಣಿಯ ಅಂಚಿನ ಮೇಲೆ ಬೆರಳಾಡಿಸಿದ. "ನೆನಪಿಲ್ಲ. ನನ್ನನ್ನ ಗಾಡೀಲಿ ಹಾಕ್ಕೊಂಡು ಹೋಗೋವಾಗ ನಮ್ಮ ನಾಯಿ ಹಿಂದೆ ಓಡಿ ಬರ್ತಿತ್ತು. ಒಂದು ಕಿವಿ ಕರಿ. ಅಷ್ಟೇ."

ಮರುದಿನ ಬೋಗುಣಿಯನ್ನು ನಾನೇ ಒಯ್ದೆ. ಕೊಂಬನ್ನು ಕಂಡು ಪಂಕ್ತಿಯಲ್ಲಿ ನಗು ಹಬ್ಬಿತು. ಸುಂಕುರ್ ಹೂಜಿ ಹಿಡಿದು ನಿಂತೇ ಇದ್ದ, ಯಾರೂ ಏಳಲಿಲ್ಲ. ಕೊನೆಗೆ ಬಲಬಾನ್ ಎದ್ದು ಬಂದು ಎರಡೂ ಕೈ ಚಾಚಿದ.

"ಸುರಿಯೋ ಕುರಿಕಾಯೋನೆ, ಹಸಿವಾಗಿದೆ."

ಉಳಿದವರು ಒಬ್ಬೊಬ್ಬರಾಗಿ ಅವನ ಹಿಂದೆ ಬಂದರು.

ಕೆಲವು ದಿನಗಳ ಬಳಿಕ ಬಲಬಾನ್ ತನ್ನ ಸಿಂಹದ ಬೋಗುಣಿಯನ್ನು ತಂದು ನನ್ನ ಮುಂದೆ ಮಗುಚಿಟ್ಟ. ನಾಯಿಯನ್ನು ಅಶುದ್ಧವೆನ್ನುವ ಊರು ನಮ್ಮದು.

"ಇಲ್ಲಿ, ತಳದಲ್ಲಿ. ಚಿಕ್ಕದಾಗಿ," ಎಂದ.

ನಾನು ಕೇಳಿದ್ದು ಒಂದೇ: "ಯಾವ ಕಿವಿ ಕರಿ?"

"ಎಡದ್ದು," ಎಂದ, ತಡೆಯದೆ.