ಒಂದೇ ಒಂದು ವಾಯಿದೆ

ವಡೋದರಾದ ಕಾರ್ಮಿಕ ನ್ಯಾಯಾಲಯದಲ್ಲಿ ದಿವಾಕರ ವಕೀಲರಿಗೆ ಒಂದು ಖ್ಯಾತಿಯಿತ್ತು: ಈ ಮನುಷ್ಯ ವಾಯಿದೆ ಕೇಳುವುದಿಲ್ಲ. ಜ್ವರವಿದ್ದರೂ ಮಫ್ಲರ್ ಸುತ್ತಿಕೊಂಡು ಬಂದು ವಾದಿಸುತ್ತಿದ್ದರು. ಕೇಸು ಮುಂದಕ್ಕೆ ಹೋದರೆ ಹೊಟ್ಟೆ ಚುರುಗುಟ್ಟುವುದು ಕೆಲಸ ಹೋದವನದು, ಮಾಲೀಕನದಲ್ಲ ಎನ್ನುವುದು ಅವರ ಲೆಕ್ಕ. ಸೂರತ್‌ನಲ್ಲಿ ಪ್ಲೇಗ್ ಎಂದು ಜನ ಊರು ಬಿಟ್ಟು ಓಡುತ್ತಿದ್ದಾಗ ಈ ಪುಣ್ಯಾತ್ಮ ಔಷಧಿ ಪೆಟ್ಟಿಗೆ ಹೊತ್ತು ಖಾಲಿ ರೈಲಿನಲ್ಲಿ ಅತ್ತ ಹೋದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಇಂದುಮತಿ ಬೈದದ್ದು ಸುಳ್ಳೇನಲ್ಲ.

ತೊಂಬತ್ತೈದರ ವಿಧಾನಸಭೆ ಚುನಾವಣೆಗೆ ಕಾರ್ಮಿಕರೆಲ್ಲ ಸೇರಿ ಅವರನ್ನು ಪಕ್ಷೇತರರಾಗಿ ನಿಲ್ಲಿಸಿದರು. ಹೊಗಳಿಕೆ ಯಾರಿಗೆ ಬೇಡ? ದಿವಾಕರರೂ ಉಬ್ಬಿದರು.

ಫೆಬ್ರವರಿಯಲ್ಲಿ ಪ್ರಚಾರ ಕಾವೇರಿದಾಗಲೇ ನಂಜುಂಡನ ಕೇಸಿನ ಕೊನೆಯ ವಾದದ ದಿನ ಬಂತು. ನಂಜುಂಡ ನಂಜನಗೂಡಿನ ಕಡೆಯವನು, ಮಕರಪುರಾದ ಪಂಪ್ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದವನು. ಯೂನಿಯನ್ ಕಟ್ಟಿದನೆಂದು ಎಂಟು ವರ್ಷದ ಹಿಂದೆ ಅವನನ್ನು ಕತ್ತು ಹಿಡಿದು ಗೇಟಿನಾಚೆ ದಬ್ಬಿದ್ದರು. ಅವನಿಗೆ ಪರಿಹಾರ ಬೇಡ. ಅದೇ ಗೇಟಿನಲ್ಲಿ, ದಬ್ಬಿದವರ ಕಣ್ಣೆದುರಿಗೇ, ತಲೆಯೆತ್ತಿ ಒಳಗೆ ಹೋಗಬೇಕು. ಪ್ರತಿ ಸಲ ಕೇಸಿನ ದಿನ ಅವನ ಹೆಂಡತಿ ಗೌರಮ್ಮ ಕಾರ್ಖಾನೆಯ ಹಳೆಯ ಖಾಕಿ ಷರ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಡುತ್ತಿದ್ದಳು.

ಅಂದು ಮಧ್ಯಾಹ್ನವೇ ದೊಡ್ಡ ಸಭೆ. "ನೀವು ಹೋಗ್ಬನ್ನಿ ಸಾರ್, ಇಷ್ಟು ದಿನ ಕಾದಿಲ್ವಾ?" ಎಂದು ನಂಜುಂಡನೇ ಬಲವಂತ ಮಾಡಿದ. ದಿವಾಕರರು ಎದ್ದು ನಿಂತು, ಹುಟ್ಟಿದ ಮೇಲೆ ಮೊದಲ ಸಲ, ವಾಯಿದೆ ಕೇಳಿದರು. ಮಾತುಮಾತಿಗೂ ಆಕ್ಷೇಪಿಸುತ್ತಿದ್ದ ಕಂಪನಿಯ ವಕೀಲ ಮುಗುಳ್ನಕ್ಕು "ನೋ ಅಬ್ಜೆಕ್ಷನ್" ಎಂದ. ಕೇಸು ಮಾರ್ಚಿಗೆ ಹೋಯಿತು. ಅಭ್ಯರ್ಥಿಯೆಂದ ಮೇಲೆ ಎದುರಾಳಿಗೂ ಮರ್ಯಾದೆ ಬಂತಲ್ಲ ಎಂದುಕೊಂಡು ದಿವಾಕರರು ಜೀಪು ಹತ್ತಿದರು. ಗುಜರಾತಿಯಲ್ಲಿ ವಾಯ್ದೋ ಎಂದರೆ ಕೊಟ್ಟ ಮಾತು. ಅಂದು ಸಂಜೆಯವರೆಗೂ ಅವರು ಬೀದಿಬೀದಿಯಲ್ಲಿ ವಾಯ್ದೋ ಕೊಟ್ಟದ್ದೇ ಕೊಟ್ಟದ್ದು.

ಚುನಾವಣೆಯಲ್ಲಿ ಠೇವಣಿಯೂ ಉಳಿಯಲಿಲ್ಲ. ಅದು ಹಾಳಾಗಿ ಹೋಗಲಿ. ನಂಜುಂಡನ ಕೇಸು ಗೆದ್ದರು. ವಜಾ ಮಾಡಿದ್ದು ಅಕ್ರಮ, ಹಿಂಬಾಕಿ ಸಂಬಳ ಕೊಡಿ ಎಂದು ಏಪ್ರಿಲ್‌ನಲ್ಲಿ ತೀರ್ಪಾಯಿತು. ಆಮೇಲೆ ಒಂದು ಸಾಲು: ಫೆಬ್ರವರಿ ಕೊನೆಗೆ ಅರ್ಜಿದಾರನಿಗೆ ಐವತ್ತೆಂಟು ತುಂಬಿ ನಿವೃತ್ತಿಯ ವಯಸ್ಸಾಗಿರುವುದರಿಂದ ಅವನನ್ನು ಮರಳಿ ಕೆಲಸಕ್ಕೆ ಸೇರಿಸುವ ಪ್ರಶ್ನೆಯಿಲ್ಲ.

ಆ ಮುಗುಳ್ನಗೆ ದಿವಾಕರರಿಗೆ ಆಗ ಅರ್ಥವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆ ಪೂಜಾರಿ ತಾವೇ.

ಮಂಜಲ್‌ಪುರದ ನಂಜುಂಡನ ಮನೆಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು, ಅದೂ ಅರ್ಧ ಮಾತ್ರ. ಗೌರಮ್ಮ ಕೇಸರಿಬಾತ್ ಮಾಡಿದ್ದಳು. ನಂಜುಂಡ ಖಾಕಿ ತೊಟ್ಟು ಬಾಗಿಲಲ್ಲೇ ನಿಂತಿದ್ದ.

"ಗೆದ್ವಂತಲ್ಲ ಸಾರ್! ಯಾವ ಶಿಫ್ಟಿಗೆ ಹೋಗ್ಲಿ?"

ದಿವಾಕರರು ಹೊಸ್ತಿಲು ದಾಟಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದರು. ವಾಯಿದೆ ಕೇಳಿದ್ದು ನಾನು, ದಿನ ನೋಡದೇ ಹೋದದ್ದು ನಾನು ಎಂದರು.

ನಂಜುಂಡ ಕೇಳಿದ: "ಒಂದು ದಿನಕ್ಕೂ ಬಿಡಲ್ವಾ ಸಾರ್? ಗೇಟ್ ಒಳಗೆ ಹೋಗಿ, ಹಂಗೇ ವಾಪಸ್ ಬಂದ್ಬಿಡ್ತೀನಿ."

ದಿವಾಕರರು ಇಲ್ಲವೆಂದು ತಲೆಯಾಡಿಸಿದರು. ನಂಜುಂಡ ಷರ್ಟಿನ ಗುಂಡಿ ಬಿಚ್ಚತೊಡಗಿದ. ಗೌರಮ್ಮ ಅದನ್ನು ಇಸಿದುಕೊಂಡು ಬಚ್ಚಲಿಗೆ ಹೋಗಿ ಬಕೆಟ್ ನೀರಿನಲ್ಲಿ ಅದ್ದಿದಳು.

"ಗಂಜಿ ಬಿಡ್ಲಿ," ಎಂದಳು, ಯಾರ ಮುಖವನ್ನೂ ನೋಡದೆ. "ಮೆತ್ತಗಾದ್ರೆ ಮನೇಲಿ ಹಾಕ್ಕೊಳ್ಳೋಕಾಯ್ತದೆ."